ಹೈಸ್ಕೂಲಿನ ಕೈಕೆಲಸ ದಡ್ಡರಿಗೆ ಮಾತ್ರವೇ?

ಎಸೆಸೆಲ್ಸಿಯಲ್ಲಿ ಅಂಕ ಕಡಿಮೆ ಬಂದರೆ ನಮ್ಮ ಮನೆಗಳಲ್ಲಿ ಕೇಳುವ ಮಾತು ಒಂದೇ: ‘ಇವನನ್ನು ಯಾವುದಾದರೂ ಗ್ಯಾರೇಜಿಗೆ ಹಾಕಿ ಬಿಡುವ.’ ಕೆಲಸ ಕಲಿಯುವುದೆಂದರೆ ಓದಿನಲ್ಲಿ ಸೋತವನಿಗೆ ಕೊಡುವ ಶಿಕ್ಷೆ ಎಂಬಂತೆ. ಇದನ್ನೇ ಕೇಳಿ ಬೆಳೆದ ಮಗು, ಶಾಲೆಯಲ್ಲೇ ಕೆಲಸ ಕಲಿಸುತ್ತಾರೆ ಅಂದರೆ ಹಿಂದೆ ಸರಿಯದೆ ಇನ್ನೇನು ಮಾಡೀತು?

ರಾಜ್ಯದ ಆಯ್ದ ಸರಕಾರಿ ಹೈಸ್ಕೂಲುಗಳಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ವೃತ್ತಿ ಶಿಕ್ಷಣ ಉಂಟು. ಕೇಂದ್ರ ಸರಕಾರ 2013ರಲ್ಲಿ ತಂದ ಎನ್‌ಎಸ್‌ಕ್ಯೂಎಫ್ ಎಂಬ ಚೌಕಟ್ಟಿನ ಅಡಿಯಲ್ಲಿ ಬಂದದ್ದು. ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ಇಲೆಕ್ಟ್ರಾನಿಕ್ಸ್, ರಿಟೇಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಮುಂತಾದ ವಿಷಯಗಳಿವೆ, ಎಲ್ಲ ಶಾಲೆಯಲ್ಲಿ ಎಲ್ಲವೂ ಇಲ್ಲ. ಎಸೆಸೆಲ್ಸಿಯಲ್ಲಿ ಇದು ತೃತೀಯ ಭಾಷೆಯ ಜಾಗದಲ್ಲಿ ಬರುತ್ತದೆ. ಗಣಿತ, ವಿಜ್ಞಾನ ಹಾಗೆಯೇ ಉಳಿಯುವುದರಿಂದ ಮುಂದೆ ಪಿಯುಸಿಯಲ್ಲಿ ಸೈನ್ಸ್ ತೆಗೆಯಲು ಏನೂ ಅಡ್ಡಿ ಇಲ್ಲ.

ತೃತೀಯ ಭಾಷೆಯಾಗಿ ಅರಬಿ ಇರುವ ಕಡೆ ಪೋಷಕರಿಗೆ ಒಂದು ಅಳುಕು: ಅರಬಿ ಬಿಟ್ಟು ಸ್ಪ್ಯಾನರ್ ಹಿಡಿಯುವುದಾ? ಮದ್ರಸದಲ್ಲಿ ಕಲಿಸುವ ನಾವೇ ಹೇಳುತ್ತೇವೆ, ಅರಬಿ ಓದಿಸಲು ನಾವಿದ್ದೇವೆ, ಇಂಜಿನ್ ಬಿಚ್ಚಿ ತೋರಿಸಲು ನಮ್ಮಿಂದಾಗದು. (ಐದು, ಏಳಕ್ಕೇ ಮದ್ರಸ ಬಿಡಿಸಿದವರಿಗೆ ಈ ಮಾತು ಹೊಂದದು, ಅದು ಬೇರೆಯೇ ಕಥೆ.)

ನಮ್ಮವರು ಗಲ್ಫ್‌ಗೆ ಹೋದದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ಮಾಮನೋ ಭಾವನೋ ವೀಸಾ ಕಳಿಸಿದರು. ಹೋಗಿ ಹೆಲ್ಪರ್ ಆದರು, ನೋಡಿ ನೋಡಿಯೇ ಇಲೆಕ್ಟ್ರಿಷಿಯನ್ ಆದರು. ಆ ಬಾಗಿಲು ಈಗ ಸಣ್ಣದಾಗುತ್ತಾ ಬಂದಿದೆ. ಸೌದಿ ಅರೇಬಿಯ 2021ರಲ್ಲಿ ಕೌಶಲ ಪರಿಶೀಲನೆಯ ಕಾರ್ಯಕ್ರಮ ಶುರು ಮಾಡಿತು, 2022ರ ಕೊನೆಗೆ ಅದು ಭಾರತಕ್ಕೂ ಬಂತು. ಇಲ್ಲಿ ಮೊದಲು ಸೇರಿದ ಕೆಲಸಗಳು ಯಾವುವು ಗೊತ್ತಾ? ಇಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಟೆಕ್ನಿಷಿಯನ್, ವಾಹನಗಳ ಇಲೆಕ್ಟ್ರಿಷಿಯನ್. ಹೆಚ್ಚುಕಮ್ಮಿ ನಮ್ಮ ಹುಡುಗರು ಮಾಡುವ ಕೆಲಸಗಳೇ. ಈ ವೃತ್ತಿಯ ವೀಸಾ ಬೇಕಾದರೆ ಊರಲ್ಲೇ ಪರೀಕ್ಷೆ ಪಾಸಾಗಬೇಕು, ಅದರಲ್ಲಿ ಕೈಕೆಲಸದ ಜೊತೆ ಥಿಯರಿಯೂ ಉಂಟು. ಗ್ಯಾರೇಜಿನಲ್ಲಿ ಹತ್ತು ವರ್ಷ ಕೈ ಮಸಿ ಮಾಡಿಕೊಂಡವನೂ ಥಿಯರಿಯ ಮುಂದೆ ಕುಳಿತಾಗ ಬೆವರಬಹುದು. ಶಾಲೆಯಲ್ಲಿ ಉಪಕರಣದ ಹೆಸರು, ಅಳತೆ, ಸುರಕ್ಷತೆಯ ಕ್ರಮ ಓದಿದ ಹುಡುಗನಿಗೆ ಆ ಭಯ ಕಡಿಮೆ.

ಪಾಸ್‌ಪೋರ್ಟಿನ ವಿಷಯವೂ ಇದೆ. ಸಾಮಾನ್ಯವಾಗಿ ಹತ್ತು ಪಾಸಾಗದವರಿಗೆ ಇಸಿಆರ್ ಬೀಳುತ್ತದೆ, ಗಲ್ಫ್ ಕೆಲಸಕ್ಕೆ ಹೊರಡುವಾಗ ಎಮಿಗ್ರೇಶನ್ ಅನುಮತಿಗೆ ಅಲೆಯಬೇಕು. ಕೈಕೆಲಸದ ಆಸೆಗಾದರೂ ಹುಡುಗ ಹತ್ತರವರೆಗೆ ಶಾಲೆಯಲ್ಲಿ ನಿಂತರೆ ಅದೇ ದೊಡ್ಡ ಲಾಭ.

ಹಾಗೆಂದು ಎರಡು ವರ್ಷದಲ್ಲಿ ಯಾರೂ ಮೆಕ್ಯಾನಿಕ್ ಆಗುವುದಿಲ್ಲ. ಅದಕ್ಕೆ ಐಟಿಐ, ಡಿಪ್ಲೊಮಾ ಬೇಕು. ಶಾಲೆಯಲ್ಲಿ ಸಿಗುವುದು ರುಚಿ ಮಾತ್ರ. ಕಲಿಸುವವರು ಇಲಾಖೆಯ ಖಾಯಂ ಶಿಕ್ಷಕರಲ್ಲ, ತರಬೇತಿ ಸಂಸ್ಥೆಗಳ ಮೂಲಕ ಗುತ್ತಿಗೆಯಲ್ಲಿ ಬಂದವರು. ಅವರು ವರ್ಷದ ನಡುವೆ ಬಿಟ್ಟುಹೋದರೆ, ಲ್ಯಾಬಿನಲ್ಲಿ ಉಪಕರಣ ಇಲ್ಲದಿದ್ದರೆ ಇದೂ ಬಾಯಿಪಾಠವೇ. ಹೆಣ್ಣುಮಕ್ಕಳಿಗೆ ಬ್ಯೂಟಿ, ಹೊಲಿಗೆ ಸಾಕು ಎಂದು ನಾವೇ ತೀರ್ಮಾನಿಸುವುದೂ ಸರಿಯಲ್ಲ. ಕಂಪ್ಯೂಟರ್ ವಿಷಯ ಇದ್ದರೆ ಅದನ್ನು ಅವಳಲ್ಲೇ ಕೇಳಿ.

ಇದು ಎರಡು ವರ್ಷದ ಕೋರ್ಸ್. ಆದ್ದರಿಂದ ವಿಚಾರಿಸಬೇಕಾದ್ದು ಎಂಟನೇ ತರಗತಿ ಮುಗಿಯುವಾಗ, ಹತ್ತರ ರಿಸಲ್ಟ್ ಬಂದ ಮೇಲಲ್ಲ. ಯಾವ ವಿಷಯ ಉಂಟು, ಕಲಿಸುವವರು ಇದ್ದಾರಾ, ವಾರಕ್ಕೆ ಎಷ್ಟು ಪ್ರಾಕ್ಟಿಕಲ್ ಎಂದು ಶಾಲೆಗೇ ಹೋಗಿ ಕೇಳಿ, ಲ್ಯಾಬಿನ ಬಾಗಿಲು ತೆಗೆಸಿ ನೋಡಿ.