ಚಪ್ಪರ ಸುಟ್ಟರೆ ದುಡ್ಡು, ಮದುವೆ ಮುರಿದರೆ ಇಲ್ಲ!

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಆಸುಪಾಸಿನ ಒಬ್ಬ ದಿನಸಿ ಅಂಗಡಿಯವರು ಅಂತ ಇಟ್ಟುಕೊಳ್ಳಿ. ವೈಶಾಖದಲ್ಲಿ ಮಗಳ ಮದುವೆ. ಛತ್ರಕ್ಕೆ ಅಡ್ವಾನ್ಸ್ ಹೋಗಿದೆ. ಅಡುಗೆಯವರಿಗೆ, ಹೂವಿನವರಿಗೆ, ಶಾಮಿಯಾನದವರಿಗೆ, ಫೋಟೋದವರಿಗೂ ಹೋಗಿದೆ. ಒಟ್ಟು ಖರ್ಚು 8 ಲಕ್ಷ. ಅದರಲ್ಲಿ ಅರ್ಧ ಸಾಲ. ಅಂಥ ಹೊತ್ತಿನಲ್ಲಿ, ಅಂಗಡಿಗೆ ಬೆಂಕಿ ವಿಮೆ ಮಾಡಿಸಿದ ಏಜೆಂಟ್ ಬಂದು ಗಲ್ಲಾಪೆಟ್ಟಿಗೆ ಎದುರು ಕೂರುತ್ತಾನೆ.

'ಯಜಮಾನ್ರೆ, ಅಂಗಡಿಗೆ ವಿಮೆ ಇದೆ, ಸ್ಕೂಟರಿಗೆ ಇದೆ. ಮದುವೆಗೆ ಯಾಕೆ ಬೇಡ?'

ಒಳಗಿಂದ ಮನೆಯಾಕೆ: 'ಅಲ್ಲಾ ಕಣ್ರೀ, ಶುಭಕಾರ್ಯಕ್ಕೆ ಮುಂಚೆ ಇದೆಂಥಾ ಅಪಶಕುನದ ಮಾತು?'

ಇಬ್ಬರದೂ ಸುಳ್ಳಲ್ಲ. ಆದರೆ ಲೆಕ್ಕ ಹಾಕದೆ ಹೂಂ ಅನ್ನೋದೂ ತಪ್ಪು, ಉಹೂಂ ಅನ್ನೋದೂ ತಪ್ಪು.

ಎಲ್‌ಐಸಿ ಅಲ್ಲ

ಮದುವೆ ವಿಮೆ ಅಂದ ಕೂಡಲೆ, ಮಗಳು ಚಿಕ್ಕವಳಿದ್ದಾಗಿಂದ ಕಂತು ಕಟ್ಟಿ ಮದುವೆ ಹೊತ್ತಿಗೆ ದುಡ್ಡು ಎತ್ತುವ ಜೀವವಿಮೆ ಎಂದು ತಿಳಿಯುವವರೇ ಜಾಸ್ತಿ. ಅದು ಉಳಿತಾಯ. ಇದು ಬೇರೆ. ಮೋಟಾರು ವಿಮೆ, ಬೆಂಕಿ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳು ಮದುವೆಯ ಆ ಎರಡು ಮೂರು ದಿನಕ್ಕೆಂದೇ ಕೊಡುವ ಪಾಲಿಸಿ ಇದು. ಏನೂ ಆಗದಿದ್ದರೆ ಕಟ್ಟಿದ ಹಣ ಹೋಯಿತು. ವಾಪಸ್ ಕೇಳುವಂತಿಲ್ಲ.

ಕಂತು ಎಷ್ಟು? ವಿಮೆ ಮಾಡಿಸುವ ಮೊತ್ತದ ಮೇಲೆ ಹೆಚ್ಚುಕಡಿಮೆ ನೂರಕ್ಕೆ ಒಂದೆರಡು ರೂಪಾಯಿಯೊಳಗೆ. ಜೊತೆಗೆ ಜಿಎಸ್‌ಟಿ. 8 ಲಕ್ಷಕ್ಕೆ ನೂರಕ್ಕೆ 1 ಅಂದರೂ 8 ಸಾವಿರ. ಒಂದು ಹೊತ್ತಿನ ವಾಲಗದ ಖರ್ಚು ಅನ್ನಿ.

ಯಾವುದಕ್ಕೆ ಸಿಗುತ್ತೆ?

ಬೆಂಕಿ, ಪ್ರವಾಹ, ಭೂಕಂಪದಂಥ ಕಾರಣಕ್ಕೆ ಮದುವೆ ನಿಂತರೆ ಅಥವಾ ಮುಂದಕ್ಕೆ ಹೋದರೆ, ಮುಳುಗಿದ ಅಡ್ವಾನ್ಸು, ಪತ್ರಿಕೆ, ಅಲಂಕಾರದ ಖರ್ಚು ಸಿಗುತ್ತೆ. ಗಂಡು, ಹೆಣ್ಣು ಅಥವಾ ಹತ್ತಿರದ ರಕ್ತಸಂಬಂಧಿ ತೀರಿಕೊಂಡರೆ, ಅಪಘಾತವಾಗಿ ಆಸ್ಪತ್ರೆ ಸೇರಿದರೆ ಸಿಗುತ್ತೆ. ಚಪ್ಪರ ಬಿದ್ದು ಬಂದ ನೆಂಟರಿಗೆ ಪೆಟ್ಟಾದರೆ ಅದರ ಪರಿಹಾರದ ಹೊಣೆಗೂ ಪಾಲಿಸಿಯಲ್ಲಿ ಒಂದು ಭಾಗ ಸೇರಿಸಿಕೊಳ್ಳಬಹುದು.

ಇದೆಲ್ಲ ಎಲ್ಲೋ ಆಗೋದು ಅನ್ನುವವರು ಶ್ರೀರಂಗವನ್ನು ನೆನೆಯಲಿ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮದುವೆ ಛತ್ರದಲ್ಲಿ ಚಪ್ಪರಕ್ಕೆ ಬೆಂಕಿ ಬಿತ್ತು. ವಿಡಿಯೋ ದೀಪದ ವೈರಿನಿಂದ ಹಾರಿದ ಕಿಡಿ ಒಣಗರಿಗೆ ತಗುಲಿತ್ತು. ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸತ್ತರು. ಹೋದ ಜೀವಕ್ಕೆ ಯಾವ ವಿಮೆಯೂ ಸಮವಲ್ಲ. ಆದ್ದರಿಂದ ಪಾಲಿಸಿ ಕೇಳುವ ಮುಂಚೆ ಛತ್ರದ ವೈರಿಂಗ್ ಹೇಗಿದೆ, ಹಿಂದಿನ ಬಾಗಿಲು ತೆರೆಯುತ್ತಾ ಇಲ್ಲವಾ ನೋಡಬೇಕು. ಅದಕ್ಕೆ ಕಾಸು ಖರ್ಚಿಲ್ಲ.

ಯಾವುದಕ್ಕೆ ಸಿಗೋದಿಲ್ಲ?

ಇಲ್ಲಿದೆ ಗುಟ್ಟು. ಹೆಣ್ಣು ಹೆತ್ತವರ ದೊಡ್ಡ ಹೆದರಿಕೆ ಬೆಂಕಿಯೂ ಅಲ್ಲ, ಮಳೆಯೂ ಅಲ್ಲ. ಹಿಂದಿನ ರಾತ್ರಿ ಬೀಗರು ತಗಾದೆ ತೆಗೆದು ಎದ್ದುಹೋದರೆ? ಗಂಡು ಒಲ್ಲೆ ಅಂದರೆ? ಹುಡುಗಿಯೇ ಒಲ್ಲೆ ಅಂದರೆ? ಅದಕ್ಕೆ ಒಂದು ಪೈಸೆಯೂ ಇಲ್ಲ. ಎರಡು ಕಡೆಯವರ ಜಗಳಕ್ಕೆ, ಮನಸ್ಸು ಬದಲಾಯಿಸಿದ್ದಕ್ಕೆ ಕಂಪನಿ ಹೊಣೆಯಲ್ಲ. ವರದಕ್ಷಿಣೆ ಕೇಳಿ ಮದುವೆ ನಿಲ್ಲಿಸಿದರೆ ಹೋಗಬೇಕಾದ ಜಾಗ ಪೊಲೀಸ್ ಠಾಣೆ. ಅದಕ್ಕೆ 1961ರ ಕಾಯ್ದೆಯಿದೆ, ವಿಮೆ ಇಲ್ಲ.

ಇನ್ನೊಂದು ಸೂತಕದ ವಿಷಯ. ದಾಯಾದಿ ದೊಡ್ಡಪ್ಪ ತೀರಿಕೊಂಡರೆ ಎಷ್ಟೋ ಮನೆಗಳಲ್ಲಿ ಮದುವೆ ಮುಂದಕ್ಕೆ ಹೋಗುತ್ತೆ. ಆದರೆ ಕಂಪನಿಗೆ ಸೂತಕ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಪಾಲಿಸಿಯಲ್ಲಿ ಬರೆದಿರುವ ಸಂಬಂಧಗಳು ಮಾತ್ರ. ಆ ಪಟ್ಟಿಯಲ್ಲಿ ದೊಡ್ಡಪ್ಪ ಇದ್ದಾರಾ ಅಂತ ಮುಂಚೆಯೇ ಕೇಳಬೇಕು.

ಮುಷ್ಕರ, ಗಲಭೆ, ಭಯೋತ್ಪಾದನೆ ಸಾಮಾನ್ಯವಾಗಿ ಹೊರಗೆ. 2020ರ ಮಾರ್ಚ್ 25ಕ್ಕೆ ದೇಶಕ್ಕೆ ಬೀಗ ಬಿತ್ತು, ಆಮೇಲೆ ಮದುವೆಗೆ 50 ಜನ ಮಾತ್ರ ಅಂದರು. ಎಷ್ಟು ಅಡ್ವಾನ್ಸು ಮುಳುಗಿತು ಅಂತ ಪ್ರತಿ ಊರಿಗೂ ಗೊತ್ತು. ಸಾಂಕ್ರಾಮಿಕ ರೋಗಕ್ಕೆ ಕೊಡ್ತೀರಾ ಎಂಬ ಪ್ರಶ್ನೆಗೆ ಏಜೆಂಟ್ ಬಾಯಲ್ಲಿ ಅಲ್ಲ, ಕಾಗದದಲ್ಲಿ ಉತ್ತರ ಪಡೆಯಬೇಕು. ಒಡವೆಗೆ ವಿಮೆ ಇದ್ದರೂ, ಕಾವಲಿಲ್ಲದೆ ಛತ್ರದ ಕೋಣೆಯಲ್ಲಿ ಬಿಟ್ಟ ಸರ ಕಳುವಾದರೆ ಹಣ ಬರುವ ಭರವಸೆಯಿಲ್ಲ.

ಚೀಟಿ ಎಲ್ಲಿ?

ಅಡುಗೆಯವರಿಗೆ 50 ಸಾವಿರ ಕೈಗೆ ಕೊಟ್ಟು 'ನಂಬಿಕೆ ಇದೆ ಬಿಡಿ' ಅಂತ ಬರುವವರು ನಾವು. ಕಂಪನಿ ನಂಬಿಕೆ ಕೇಳೋದಿಲ್ಲ, ರಸೀದಿ ಕೇಳುತ್ತೆ. ಛತ್ರದ ರಸೀದಿ, ಚಪ್ಪರದವರ ಬಿಲ್ಲು, ಅಡುಗೆಯವರ ಸಹಿ ಇಲ್ಲದೆ ಕ್ಲೇಮು ನಿಲ್ಲದು. ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆ ಸಾಲಕ್ಕೂ ಚೀಟಿ ಬರೆಯುವವರು ಮಗಳ ಮದುವೆಗೆ ಯಾಕೆ ಬರೆಯಬಾರದು?

ಇನ್ನು, 'ನಾಳೆ ಕಟ್ಟಿ, ಪರವಾಗಿಲ್ಲ' ಅನ್ನುವ ಏಜೆಂಟ್ ಮಾತು ನಂಬಬೇಡಿ. 1938ರ ವಿಮಾ ಕಾಯ್ದೆಯ 64 ವಿಬಿ ಕಲಮಿನ ಪ್ರಕಾರ ಕಂತು ಮುಂಗಡ ಸೇರದೆ ಕಂಪನಿಯ ಹೊಣೆ ಶುರುವಾಗದು.

ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು. ಅದನ್ನೂ ತಳ್ಳಿದರೆ ಅಥವಾ ತಿಂಗಳಾದರೂ ಉತ್ತರ ಬಾರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಫೀಸು ಇಲ್ಲ, ವಕೀಲರೂ ಬೇಡ.

ಕಡೆಗೆ ಏನು ಮಾಡೋದು?

ದೇವಸ್ಥಾನದಲ್ಲಿ ಧಾರೆ, ಮನೆ ಮುಂದೆ ಊಟ, ಅಡ್ವಾನ್ಸು ಹತ್ತಿಪ್ಪತ್ತು ಸಾವಿರ ಅಂದರೆ ವಿಮೆ ಬೇಡ, ಆ ದುಡ್ಡು ಊಟಕ್ಕೆ ಹಾಕಿ. ಸಾಲ ಮಾಡಿ ಲಕ್ಷಗಟ್ಟಲೆ ಮುಂಗಡ ಕೊಟ್ಟವರು ಮಾತ್ರ ಯೋಚಿಸಬೇಕು. ಮೊದಲು, ದಿನ ಬದಲಾದರೆ ಅಡ್ವಾನ್ಸು ಹೊಂದಿಸಿಕೊಳ್ತೀರಾ ಅಂತ ಛತ್ರದವರನ್ನು, ಅಡುಗೆಯವರನ್ನು ಕೇಳಿ. ಹೂಂ ಅಂದದ್ದನ್ನು ರಸೀದಿ ಮೇಲೆ ಬರೆಸಿ. ಉಹೂಂ ಅಂದಷ್ಟು ಮೊತ್ತಕ್ಕೆ ಮಾತ್ರ ವಿಮೆ ಮಾಡಿಸಿ. 8 ಲಕ್ಷಕ್ಕೆ ಬೇಕಿಲ್ಲ, 3 ಲಕ್ಷಕ್ಕೆ ಸಾಕಾಗಬಹುದು.

ಸಂಬಂಧ ಗಟ್ಟಿಯಿದೆಯಾ ಅನ್ನೋದನ್ನು ಮಾತ್ರ ಏಜೆಂಟ್ ಹೇಳಲಾರ. ಅದನ್ನು ಲಗ್ನಪತ್ರಿಕೆ ಅಚ್ಚಾಗುವ ಮುಂಚೆ ಮಗಳನ್ನೇ ಕೂರಿಸಿ ಕೇಳಬೇಕು. ಅದಕ್ಕೆ ಕಂತಿಲ್ಲ.