ಬಾವುಟಗುಡ್ಡೆಯ ದೀಪಗೋಪುರ

ಕಡಲದೀಪವನ್ನು ಎತ್ತರದಲ್ಲಿ ಇಡುವುದೇಕೆ? ಭೂಮಿಯು ದುಂಡಗಿರುವುದರಿಂದ ಕಡಲ ಮೈಯೂ ಬಾಗಿದೆ. ತಗ್ಗಿನ ದೀಪವು ಆ ಬಾಗಿನ ಮರೆಯಲ್ಲಿ ದೂರದ ಹಡಗಿಗೆ ಕಾಣದೆ ಹೋಗುತ್ತದೆ. ನೀರಿನ ಮಟ್ಟದಲ್ಲಿರುವ ಕಣ್ಣಿಗೆ 25 ಮೀಟರು ಎತ್ತರದ ದೀಪವು ಸುಮಾರು 18 ಕಿಲೋಮೀಟರಿನವರೆಗೆ ಕಾಣುವುದು. ದೂರವು ಇಮ್ಮಡಿಯಾಗಬೇಕಾದರೆ ಎತ್ತರವು ನಾಲ್ಮಡಿಯಾಗಬೇಕು. ಆದುದರಿಂದಲೇ ಗುಡ್ಡದ ನೆತ್ತಿಗೆ ಅಷ್ಟು ಬೆಲೆ.

ಮಂಗಳೂರಿನ ಬಾವುಟಗುಡ್ಡೆಯ ಗೋಪುರವನ್ನು ಹಗೆಯ ಹಡಗುಗಳ ಮೇಲೆ ಕಣ್ಣಿಡಲು ಹೈದರಾಲಿಯು ಕಟ್ಟಿಸಿದನೆಂದು ಪ್ರತೀತಿ. 1837ರಲ್ಲಿ ಅಮರಸುಳ್ಯದ ಬಂಡಾಯಗಾರರು ಇಂಗ್ಲಿಷರ ಬಾವುಟವನ್ನಿಳಿಸಿ ತಮ್ಮದನ್ನು ಏರಿಸಿದ್ದು ಈ ಗುಡ್ಡೆಯ ಮೇಲೆಯೇ. ಇಲ್ಲಿ ನಾವಿಕರಿಗಾಗಿ ದೀಪವೂ ಬೆಳಗಿತು. 1972ರಲ್ಲಿ ಸುರತ್ಕಲ್ಲಿನ ದೀಪಸ್ತಂಭವು ಉರಿಯತೊಡಗಿತು; ಹಳೆಯ ಗೋಪುರವೀಗ ಠಾಗೂರ್ ಉದ್ಯಾನದಲ್ಲಿ ದೀಪವಿಲ್ಲದೆ ನಿಂತಿದೆ. ಎತ್ತರದ ಲಾಭ ಮಾತ್ರ ಅಳಿದಿಲ್ಲ. ದೀಪವನ್ನು ಹಡಗಿಗೆ ತೋರಿಸುತ್ತಿದ್ದ ನಿಯಮವೇ, ಸಂಜೆ ಅಲ್ಲಿ ನಿಂತ ನಮಗೆ ದೂರದ ಕಡಲನ್ನು ತೋರಿಸುತ್ತದೆ.