ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು

ಹಸು ಅವಳಿ ಕರು ಹಾಕಿತೆಂದರೆ ಮನೆಯಲ್ಲಿ ಒಂದು ಬಗೆಯ ಸಂಭ್ರಮ. ಗಿಣ್ಣು ಹಂಚುವ ಮೊದಲೇ ಸುದ್ದಿ ಊರಲ್ಲಿ ಹಬ್ಬುತ್ತದೆ; ನೆರೆಹೊರೆಯವರು ಕೊಟ್ಟಿಗೆಗೆ ಬಂದು ನೋಡಿ ಹೋಗುತ್ತಾರೆ. ಎರಡರಲ್ಲಿ ಒಂದು ಹೋರಿಗರು, ಇನ್ನೊಂದು ಹೆಣ್ಣುಗರು ಆಗಿದ್ದರಂತೂ ಮನೆಯ ಯಜಮಾನನಿಗೆ ಉಳುಮೆಗೊಂದು, ಹಾಲಿಗೊಂದು ಎಂಬ ಲೆಕ್ಕಾಚಾರ. ಈ ಸಂತೋಷಕ್ಕೆ ಅಡ್ಡ ಬರುವುದು ನನಗೂ ಇಷ್ಟವಿಲ್ಲ. ಆದರೂ ಹೇಳಲೇಬೇಕಾದ ಮಾತು ಒಂದಿದೆ. ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರುಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಎಂದಿಗೂ ಗಬ್ಬವಾಗುವುದಿಲ್ಲ.

ಈ ಸಂಗತಿ ತಿಳಿಯದೆ ಹೋದರೆ ಏನಾಗುತ್ತದೆಂಬುದನ್ನು ನೀವೇ ಊಹಿಸಿ ನೋಡಿ. ಕರು ಚೆನ್ನಾಗಿ ಬೆಳೆಯುತ್ತದೆ. ಮೈ ನುಣುಪಾಗಿ, ಕಣ್ಣು ತುಂಬಿ, ನೋಡಿದವರು ಹೊಗಳುವಂತೆ ಕಡಸಾಗುತ್ತದೆ. ಹಿಂಡಿ, ಬೂಸ, ಹಸಿ ಹುಲ್ಲು ಯಾವುದಕ್ಕೂ ಕಡಮೆ ಮಾಡುವುದಿಲ್ಲ. ಓರಗೆಯ ಕಡಸುಗಳೆಲ್ಲ ಬೆದೆಗೆ ಬಂದು, ಗಬ್ಬವಾಗಿ, ಈಯುತ್ತವೆ. ಇದು ಮಾತ್ರ ಬೆದೆಗೇ ಬರುವುದಿಲ್ಲ. ಮನೆಯವರು ಇನ್ನೊಂದು ವರ್ಷ ಕಾಯುತ್ತಾರೆ. ಖನಿಜದ ಪುಡಿ ತಿನ್ನಿಸುತ್ತಾರೆ, ಸೂಜಿಮದ್ದು ಹಾಕಿಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಕೊನೆಗೆ ಯಾವುದೂ ಫಲಿಸದೆ ಹೋದಾಗ ಮಾತು ಬೇರೆ ದಾರಿ ಹಿಡಿಯುತ್ತದೆ. ದೃಷ್ಟಿ ತಾಗಿತು ಎನ್ನುವವರು ಕೆಲವರು. ಆ ವರ್ಷ ಮನೆಗೆ ಬಂದ ಸೊಸೆಯ ಕಾಲ್ಗುಣ ಎನ್ನುವವರು ಇನ್ನು ಕೆಲವರು. ಮೂರು ವರ್ಷದ ಮೇವು ದಂಡವಾದದ್ದು ಒಂದು ನಷ್ಟ. ನಿರಪರಾಧಿಯೊಬ್ಬಳು ತಲೆತಗ್ಗಿಸಬೇಕಾಗಿ ಬಂದದ್ದು ಅದಕ್ಕಿಂತ ದೊಡ್ಡ ನಷ್ಟ.

ನಿಜವಾದ ಕಾರಣ ಏನು? ಅದು ಕರು ಹುಟ್ಟುವುದಕ್ಕೆ ಎಷ್ಟೋ ತಿಂಗಳ ಮೊದಲೇ, ತಾಯಿಯ ಹೊಟ್ಟೆಯೊಳಗೇ ನಡೆದುಹೋದ ಒಂದು ಸಂಗತಿ.

ಹಸು ಗಬ್ಬವಾಗಿರುವುದು ಸುಮಾರು 280 ದಿನ. ಭ್ರೂಣ ಮೊದಲ ಕೆಲವು ವಾರ ಹೆಣ್ಣೂ ಅಲ್ಲದ, ಗಂಡೂ ಅಲ್ಲದ ರೂಪದಲ್ಲಿರುತ್ತದೆ. ಅದು ಮುಂದೆ ಏನಾಗಬೇಕೆಂಬುದು ವರ್ಣತಂತುಗಳಲ್ಲಿ ಬರೆದಿರುತ್ತದೆ, ನಿಜ. ದನಗಳ ಜೀವಕೋಶದಲ್ಲಿ 60 ವರ್ಣತಂತುಗಳಿವೆ, ಅವುಗಳಲ್ಲಿ ಎರಡು ಎಕ್ಸ್ ಇದ್ದರೆ ಹೆಣ್ಣು, ಒಂದು ಎಕ್ಸ್ ಮತ್ತು ಒಂದು ವೈ ಇದ್ದರೆ ಗಂಡು. ಆದರೆ ಅಂಗಾಂಗಗಳನ್ನು ಕಟ್ಟುವ ಸಾಮಗ್ರಿ ಆರಂಭದಲ್ಲಿ ಇಬ್ಬರಿಗೂ ಒಂದೇ. ಗರ್ಭಕೋಶವಾಗಬಲ್ಲ ಒಂದು ಜೊತೆ ನಾಳ, ಗಂಡಿನ ವೀರ್ಯನಾಳವಾಗಬಲ್ಲ ಇನ್ನೊಂದು ಜೊತೆ ನಾಳ, ಎರಡೂ ಪ್ರತಿಯೊಂದು ಭ್ರೂಣದಲ್ಲಿಯೂ ಇರುತ್ತವೆ. ಗಂಡು ಭ್ರೂಣದಲ್ಲಿ ಸುಮಾರು 40ನೆಯ ದಿನದ ಹೊತ್ತಿಗೆ ವೃಷಣ ರೂಪುಗೊಳ್ಳಲು ತೊಡಗುತ್ತದೆ. ಅಲ್ಲಿಂದ ಹೊರಡುವ ಒಂದು ಚೋದಕರಸ, ಎಂದರೆ ಹಾರ್ಮೋನು, ಗರ್ಭಕೋಶವಾಗಬಲ್ಲ ನಾಳಗಳನ್ನು ಕರಗಿಸಿಬಿಡುತ್ತದೆ. ಗಂಡಿಗೆ ಗರ್ಭಕೋಶ ಬೇಡವಷ್ಟೆ. ಹೆಣ್ಣಿನ ಅಂಡಾಶಯವಾದರೋ ನಿಧಾನವಾಗಿ, ಇನ್ನೂ ತಡವಾಗಿ ರೂಪುಗೊಳ್ಳುತ್ತದೆ.

ಒಂಟಿ ಕರುವಾದರೆ ಇದರಿಂದ ತೊಂದರೆಯಿಲ್ಲ. ಅವಳಿ ಕರುಗಳಲ್ಲಿ ಮಾತ್ರ ಕಥೆ ಬೇರೆ. ಗಂಡು, ಹೆಣ್ಣು ಕರುಗಳು ಎರಡು ಬೇರೆ ಬೇರೆ ಅಂಡಗಳಿಂದ ಹುಟ್ಟಿದವು. ಆದರೂ ದನಗಳಲ್ಲಿ ಅವೆರಡರ ಮಾಸುಗಳು ಬಹಳ ಬೇಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರಕ್ತನಾಳಗಳೂ ಕೂಡಿಕೊಳ್ಳುತ್ತವೆ. ಎರಡು ಹೊಲಗಳ ಕಾಲುವೆಗಳ ನಡುವೆ ಬದು ಒಡೆದರೆ ನೀರು ಹೇಗೆ ಇತ್ತಿಂದತ್ತ ಹರಿಯುವುದೋ ಹಾಗೆ, ಅಣ್ಣನ ರಕ್ತ ತಂಗಿಗೆ, ತಂಗಿಯ ರಕ್ತ ಅಣ್ಣನಿಗೆ ಹರಿಯತೊಡಗುತ್ತದೆ. ಅಣ್ಣನ ಹಾರ್ಮೋನು ಆ ರಕ್ತದೊಡನೆ ತಂಗಿಯ ಮೈಗೆ ಹೋಗುತ್ತದೆ. ಅದಕ್ಕೆ ಇದು ಗಂಡು, ಇದು ಹೆಣ್ಣು ಎಂಬ ಭೇದ ತಿಳಿಯದು. ತಂಗಿಯ ಗರ್ಭಕೋಶವಾಗಬೇಕಾಗಿದ್ದ ನಾಳಗಳನ್ನೂ ಅದು ಕುಗ್ಗಿಸಿಬಿಡುತ್ತದೆ. ಅಂಡಾಶಯ ಬೆಳೆಯದೆ ಬತ್ತುತ್ತದೆ; ಕೆಲವು ಕರುಗಳಲ್ಲಿ ಅದು ವೃಷಣವನ್ನೇ ಹೋಲುವುದೂ ಉಂಟು. ಹೊರಗಿನಿಂದ ಮಾತ್ರ ಕರು ಹೆಣ್ಣೇ. ಕೆಚ್ಚಲ ಜಾಗದಲ್ಲಿ ಮೊಲೆತೊಟ್ಟುಗಳಿವೆ. ಒಳಗೆ ಮನೆಯೇ ಕಟ್ಟಿಲ್ಲ.

ಇಂಥ ಕರುವಿಗೆ ಇಂಗ್ಲಿಷಿನಲ್ಲಿ ಫ್ರೀಮಾರ್ಟಿನ್ ಎಂದು ಹೆಸರು. ಅಲ್ಲಿಯ ರೈತರಿಗೆ ಇದು ಹಿಂದಿನಿಂದಲೂ ಗೊತ್ತಿತ್ತು. ಹಾಲು ಕೊಡದ ಈ ಪ್ರಾಣಿಯನ್ನು ಅವರು ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಿದ್ದುದೂ ಉಂಟು. ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಇಂಥ ದನಗಳನ್ನು ಕೊಯ್ದು ನೋಡಿ, ಒಳಗಿನ ಅಂಗಗಳ ಸ್ಥಿತಿಯನ್ನು 1779ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಿವರಿಸಿದನು. ಏನಾಗಿದೆ ಎಂಬುದು ಆಗ ತಿಳಿಯಿತು. ಏಕಾಗಿದೆ ಎಂಬುದು ತಿಳಿಯಲು ಇನ್ನೂ ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. 1911ರಲ್ಲಿ ಆಸ್ಟ್ರಿಯದ ಟಾಂಡ್ಲರ್ ಮತ್ತು ಕೆಲ್ಲರ್ ಎಂಬವರು, 1916ರಲ್ಲಿ ಅಮೆರಿಕದ ಚಿಕಾಗೋದಲ್ಲಿದ್ದ ಫ್ರಾಂಕ್ ಲಿಲೀ ಎಂಬ ಪ್ರಾಣಿಶಾಸ್ತ್ರಜ್ಞ, ಕಸಾಯಿಖಾನೆಗಳಿಂದ ದೊರೆತ ಗರ್ಭಗಳನ್ನು ಪರೀಕ್ಷಿಸಿ, ಕೂಡಿಕೊಂಡ ರಕ್ತನಾಳಗಳೇ ಇದಕ್ಕೆ ಮೂಲವೆಂದು ತೋರಿಸಿದರು. ಮುಂದೆ 1947ರಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಜೋಸ್ಟ್, ಮೊಲದ ಭ್ರೂಣಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಗರ್ಭಕೋಶದ ನಾಳಗಳನ್ನು ಕರಗಿಸುವ ರಸವೊಂದು ವೃಷಣದಿಂದಲೇ ಹೊರಡುತ್ತದೆಂಬುದನ್ನು ಸ್ಪಷ್ಟಪಡಿಸಿದನು.

ಕೊಟ್ಟಿಗೆಯ ಈ ಸಂಗತಿ ಮನುಷ್ಯರ ವೈದ್ಯಶಾಸ್ತ್ರಕ್ಕೂ ದಾರಿ ತೋರಿಸಿತೆಂದರೆ ನೀವು ಆಶ್ಚರ್ಯಪಡಬಹುದು. 1945ರಲ್ಲಿ ರೇ ಓವೆನ್ ಎಂಬ ಅಮೆರಿಕದ ವಿಜ್ಞಾನಿ, ಅವಳಿ ದನಗಳ ಮೈಯಲ್ಲಿ ತಮ್ಮ ರಕ್ತಕಣಗಳಲ್ಲದೆ ಜೊತೆಯದರ ರಕ್ತಕಣಗಳೂ ದೊಡ್ಡವಾದ ಮೇಲೂ ಇರುತ್ತವೆಂಬುದನ್ನು ಕಂಡುಹಿಡಿದನು. ಕೆಲವು ವರ್ಷಗಳ ಅನಂತರ ಇಂಗ್ಲೆಂಡಿನ ಪೀಟರ್ ಮೆಡಾವರ್ ಮತ್ತು ಅವನ ಸಂಗಡಿಗರು ಅವಳಿ ಕರುಗಳ ಚರ್ಮವನ್ನು ಒಂದರಿಂದ ಇನ್ನೊಂದಕ್ಕೆ ಕಸಿ ಮಾಡಿ ನೋಡಿದರು. ಬೇರೆಯವರ ಚರ್ಮವನ್ನು ಮೈ ಒಪ್ಪುವುದಿಲ್ಲವೆಂಬುದು ಸಾಮಾನ್ಯ ನಿಯಮ. ಇಲ್ಲಿ ಗಂಡು ಹೆಣ್ಣು ಅವಳಿಗಳೂ ಒಂದರ ಚರ್ಮವನ್ನೊಂದು ಒಪ್ಪಿಕೊಂಡವು! ಭ್ರೂಣವಾಗಿದ್ದಾಗ ಪರಿಚಯವಾದದ್ದನ್ನು ಮೈ ಪರಕೀಯವೆಂದು ಎಣಿಸುವುದಿಲ್ಲ ಎಂಬ ತತ್ತ್ವ ಹೀಗೆ ಗಟ್ಟಿಯಾಯಿತು. ಆ ತತ್ತ್ವಕ್ಕಾಗಿ ಮೆಡಾವರ್ ಮತ್ತು ಆಸ್ಟ್ರೇಲಿಯದ ಬರ್ನೆಟ್ ಅವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಈಗ ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸುವ ವೈದ್ಯವಿದ್ಯೆಯ ಹಿಂದೆ ಈ ಅವಳಿ ಕರುಗಳ ಋಣವೂ ಇದೆ.

ಇನ್ನು ನಮ್ಮ ಕೊಟ್ಟಿಗೆಗೆ ಮರಳೋಣ. ನಾಟಿ ದನಗಳಲ್ಲಿ ಅವಳಿ ಕರುಗಳು ಬಹಳ ಅಪರೂಪ. ಹೋಲ್‌ಸ್ಟೀನ್ ಮುಂತಾದ ಹೆಚ್ಚು ಹಾಲಿನ ತಳಿಗಳಲ್ಲಿ ಅದು ಅಷ್ಟು ಅಪರೂಪವಲ್ಲ; ಮಿಶ್ರತಳಿ ಹಸುಗಳನ್ನು ಕಟ್ಟಿರುವ ನಮ್ಮ ರೈತರು ಇದನ್ನು ತಿಳಿದಿರಬೇಕಾದದ್ದು ಅದಕ್ಕಾಗಿಯೇ. ಎರಡೂ ಹೆಣ್ಣುಗರುಗಳಾದರೆ ಈ ಭಯವಿಲ್ಲ. ಎರಡನ್ನೂ ನಿಶ್ಚಿಂತೆಯಿಂದ ಸಾಕಬಹುದು. ಎರಡೂ ಹೋರಿಗಳಾದರೂ ಇದರ ಮಾತೇ ಇಲ್ಲ. ಗಂಡು ಹೆಣ್ಣು ಜೊತೆಯಾಗಿ ಬಂದಾಗ ಮಾತ್ರ ಪರೀಕ್ಷೆ ಅಗತ್ಯ.

ಆ ಪರೀಕ್ಷೆ ಕಷ್ಟದ್ದಲ್ಲ. ಕರುವಿಗೆ ಒಂದರಿಂದ ನಾಲ್ಕು ವಾರ ವಯಸ್ಸಾಗಿರುವಾಗ ಪಶುವೈದ್ಯರು, ತುದಿ ಮೊಂಡಾಗಿರುವ ನಯವಾದ ಕೊಳವೆಯೊಂದಕ್ಕೆ ಜಾರುವ ಮುಲಾಮು ಹಚ್ಚಿ, ಮೆಲ್ಲನೆ ಯೋನಿಮಾರ್ಗದಲ್ಲಿ ತೂರಿಸಿ ನೋಡುತ್ತಾರೆ. ಸರಿಯಾದ ಕರುವಿನಲ್ಲಿ ಅದು ಸುಮಾರು 13ರಿಂದ 15 ಸೆಂಟಿಮೀಟರ್ ಒಳಗೆ ಹೋಗುತ್ತದೆ. ದೋಷವಿರುವ ಕರುವಿನಲ್ಲಿ 5ರಿಂದ 8 ಸೆಂಟಿಮೀಟರಿಗೇ ನಿಂತುಬಿಡುತ್ತದೆ. ಇದನ್ನು ನೀವೇ ಮಾಡಹೋಗಬೇಡಿ. ಒತ್ತಿ ತೂರಿಸಿದರೆ ಎಳೆಯ ಅಂಗ ಹರಿದೀತು. ಯೋನಿಯ ಕೆಳತುದಿಯಲ್ಲಿ ಕೂದಲ ಕುಚ್ಚು ಉದ್ದವಾಗಿರುವುದು, ಅಲ್ಲಿಯ ಸಣ್ಣ ಗುಬುಟು ದಪ್ಪವಾಗಿರುವುದು, ಇವೂ ಕೆಲವು ಕರುಗಳಲ್ಲಿ ಕಾಣುವ ಗುರುತುಗಳು. ಅನುಮಾನ ಉಳಿದರೆ ರಕ್ತಪರೀಕ್ಷೆಯಿದೆ. ಹೆಣ್ಣುಗರುವಿನ ರಕ್ತದಲ್ಲಿ ಗಂಡಿನ ವೈ ವರ್ಣತಂತುವಿನ ಸುಳಿವು ಸಿಕ್ಕಿದರೆ ಅಣ್ಣನ ರಕ್ತ ಬೆರೆತಿದೆಯೆಂದೇ ಅರ್ಥ.

ದೋಷವಿದೆಯೆಂದು ಖಚಿತವಾದರೆ ಅದಕ್ಕೆ ಔಷಧವಿಲ್ಲ. ಇಲ್ಲದ ಗರ್ಭಕೋಶವನ್ನು ಯಾವ ಸೂಜಿಮದ್ದೂ ತಂದುಕೊಡಲಾರದು. ಆದ್ದರಿಂದ ಹಣ ಸುರಿಯುವ ಮೊದಲೇ ನಿಜ ತಿಳಿದುಕೊಳ್ಳುವುದು ಜಾಣತನ. ಹೊರದೇಶಗಳ ಕೆಲವು ದೊಡ್ಡ ದನದ ಮಂದೆಗಳಲ್ಲಿ ಇಂಥ ಪ್ರಾಣಿಗೆ ಗಂಡಿನ ಹಾರ್ಮೋನು ಕೊಟ್ಟು, ಬೆದೆಗೆ ಬಂದ ಹಸುಗಳನ್ನು ಗುರುತಿಸಲು ಬಳಸುವುದುಂಟು. ನಮ್ಮಲ್ಲಿ ಎರಡು ಹಸು ಕಟ್ಟಿದವನಿಗೆ ಅದು ನಡೆಯದ ಮಾತು. ಆದರೆ ತಿಳಿದೂ ತಿಳಿಯದವನಂತೆ ಜಾತ್ರೆಯಲ್ಲಿ ಅದನ್ನು ಒಳ್ಳೆಯ ಕಡಸೆಂದು ಮಾರುವುದು ನಮ್ಮ ನಷ್ಟವನ್ನು ಇನ್ನೊಬ್ಬ ಬಡವನ ತಲೆಗೆ ಕಟ್ಟಿದಂತೆ. ಕೊಳ್ಳುವವರೂ ಅಷ್ಟೆ, ಕಡಸು ಕೊಳ್ಳುವಾಗ ಹಲ್ಲು, ಸುಳಿ ನೋಡುವುದರ ಜೊತೆಗೆ, “ಇದು ಒಂಟಿಯಾಗಿ ಹುಟ್ಟಿದ್ದೋ, ಅವಳಿಯೋ?” ಎಂದು ಒಂದು ಮಾತು ಕೇಳಿ. ಗಂಡುಭ್ರೂಣ ಹೊಟ್ಟೆಯಲ್ಲೇ ಮೊದಲೇ ಸತ್ತು ಕರಗಿ, ಹೆಣ್ಣುಗರು ಒಂಟಿಯಾಗಿ ಹುಟ್ಟಿಯೂ ಈ ದೋಷ ಪಡೆದಿರುವುದು ಅಪರೂಪಕ್ಕೆ ಉಂಟು. ಎಷ್ಟು ಕಾದರೂ ಬೆದೆಗೆ ಬಾರದ ಕಡಸನ್ನು ವೈದ್ಯರು ಪರೀಕ್ಷಿಸಬೇಕೆನ್ನುವುದು ಅದಕ್ಕೇ.

ಜೊತೆಗೆ ಹುಟ್ಟಿದ ಹೋರಿಗೆ ಬಹುಮಟ್ಟಿಗೆ ಕೇಡಿಲ್ಲ. ಅದನ್ನು ಉಳುಮೆಗೆ ಬಳಸಲು ಏನೂ ಅಡ್ಡಿಯಿಲ್ಲ. ಬೀಜದ ಹೋರಿಯಾಗಿ ಉಳಿಸಿಕೊಳ್ಳುವುದಾದರೆ ಮಾತ್ರ ವೀರ್ಯಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ತಾಯಿಹಸುವಿನ ಮೇಲಂತೂ ಅಪವಾದ ಬೇಡವೇ ಬೇಡ. ಇದು ವಂಶದಿಂದ ಬರುವ ದೋಷವಲ್ಲ. ಮುಂದಿನ ಸಲ ಅದು ಒಂಟಿ ಹೆಣ್ಣುಗರು ಹಾಕಿದರೆ ಆ ಕರು ಎಲ್ಲ ಕರುಗಳಂತೆ ಬೆಳೆದು ಹಾಲು ಕೊಡುತ್ತದೆ.

ಆಡುಗಳು ಅವಳಿ ಹಾಕುವುದು ಸಾಮಾನ್ಯ. ಅಲ್ಲಿ ರಕ್ತನಾಳಗಳು ಹೀಗೆ ಕೂಡಿಕೊಳ್ಳುವುದು ವಿರಳವಾದ್ದರಿಂದ ಈ ತೊಂದರೆಯೂ ವಿರಳ. ಆಡಿನಲ್ಲಿರುವ ದೋಷ ಬೇರೆ ಬಗೆಯದು, ಅದು ವಂಶಾಗತವಾದದ್ದು. ಸಾನೆನ್ ಮೊದಲಾದ ಯೂರೋಪಿನ ತಳಿಗಳಲ್ಲಿ ಕೊಂಬಿಲ್ಲದ ಹೋತವನ್ನು ಕೊಂಬಿಲ್ಲದ ಆಡಿಗೆ ಕೂಡಿಸಿದರೆ, ಹುಟ್ಟುವ ಹೆಣ್ಣುಮರಿಗಳಲ್ಲಿ ಕೆಲವು ಅರ್ಧ ಗಂಡಿನಂತಾಗಿ ಗೊಡ್ಡಾಗುತ್ತವೆ. ಕೊಂಬನ್ನು ತಡೆಯುವ ವಂಶಗುಣವೂ ಈ ದೋಷವೂ ವರ್ಣತಂತುವಿನ ಒಂದೇ ತಾಣದಲ್ಲಿವೆಯೆಂದು 2001ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಪರಿಹಾರ ಸುಲಭ: ತಂದೆತಾಯಿಗಳಲ್ಲಿ ಒಂದಕ್ಕಾದರೂ ಹುಟ್ಟುಗೊಂಬು ಇರಲಿ.

ಕೊನೆಗೆ ಒಂದು ಮಾತು. ಮನುಷ್ಯರಲ್ಲಿ ಗಂಡು ಹೆಣ್ಣು ಅವಳಿ ಮಕ್ಕಳಾದಾಗ ಇಬ್ಬರ ಮಾಸುಗಳೂ ಬೇರೆಬೇರೆಯಾಗಿಯೇ ಕೆಲಸ ಮಾಡುತ್ತವೆ. ಅವು ಒಂದಕ್ಕೊಂದು ತಾಗಿಕೊಂಡಿದ್ದರೂ ರಕ್ತ ಹೀಗೆ ಬೆರೆಯುವುದು ಅತಿ ವಿರಳ. ಆದ್ದರಿಂದ ದನದ ಮಾತನ್ನು ಮನೆಯ ಮಗಳಿಗೆ ಅನ್ವಯಿಸಬೇಡಿ. ತಮ್ಮನೊಡನೆ ಹುಟ್ಟಿದ ಅಕ್ಕ ಎಲ್ಲ ಹೆಣ್ಣುಮಕ್ಕಳಂತೆಯೇ ಬೆಳೆದು ತಾಯಿಯಾಗುತ್ತಾಳೆ.

ಮುಂದಿನ ಸಲ ನಿಮ್ಮ ಕೊಟ್ಟಿಗೆಯಲ್ಲೋ ನೆರೆಯವರ ಕೊಟ್ಟಿಗೆಯಲ್ಲೋ ಅವಳಿ ಕರು ಹುಟ್ಟಿದರೆ, ಸಂತೋಷಪಡಿ, ಗಿಣ್ಣು ಹಂಚಿ. ಅವು ಗಂಡು ಹೆಣ್ಣಾಗಿದ್ದರೆ ತಿಂಗಳು ತುಂಬುವುದರೊಳಗೆ ಪಶುವೈದ್ಯರಿಗೆ ತೋರಿಸಿ. ಆ ಅರ್ಧ ಗಂಟೆಯ ಕೆಲಸ ಮೂರು ವರ್ಷದ ಮೇವನ್ನು ಉಳಿಸುತ್ತದೆ; ಯಾರ ಕಾಲ್ಗುಣವನ್ನೂ ಹಳಿಯದ ಹಾಗೆ ನಾಲಿಗೆಯನ್ನೂ ಕಾಯುತ್ತದೆ.